ಹುಳಿ, ಗೊಬ್ಬರ, ಮಳೆ: ಕಾಂಕ್ರೀಟ್ ತಾಳಿಕೊಳ್ಳಬೇಕಾದರೆ ಏನು ಮಾಡಬೇಕು? ಕೊಡಗಿನ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ತೊಟ್ಟಿಯ ತಳದಲ್ಲಿ ಜಲ್ಲಿ ಎದ್ದು ಕಾಣುತ್ತಿದೆ. ಗೊಬ್ಬರದ ಶೆಡ್ಡಿನ ನೆಲ ಗುಡಿಸಿದಷ್ಟೂ ಪುಡಿ ಬರುತ್ತಿದೆ. ತಾರಸಿಯ ಅಡಿಯಲ್ಲಿ ಬಿಳಿ ಕಡ್ಡಿಗಳು ಇಳಿಬಿದ್ದಿವೆ. ವಿರಾಜಪೇಟೆ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ತೋಟಗಳಲ್ಲಿ ಕಟ್ಟಡದ ಕೆಲಸ ನೋಡುವವರಿಗೆ ಈ ದೂರುಗಳು ಹೊಸದಲ್ಲ. ಅವುಗಳ ಜೊತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ದೊಡ್ಡ ಕಾರ್ಖಾನೆಗೆ ಬೇಕಾದ ವಿವರ ಇಲ್ಲಿಲ್ಲ. ತೋಟ, ಮನೆ, ಕೊಟ್ಟಿಗೆಗೆ ಬೇಕಾದದ್ದು ಇದೆ.

ಕಾಂಕ್ರೀಟ್ ಅಷ್ಟು ಗಟ್ಟಿ ಇರುತ್ತದೆ. ಅದನ್ನು ರಾಸಾಯನಿಕ ಹೇಗೆ ತಿನ್ನುತ್ತದೆ?

ಜಲ್ಲಿ, ಮರಳಿಗೆ ಅಷ್ಟೇನೂ ಆಗುವುದಿಲ್ಲ. ಕರಗುವುದು ಅವನ್ನು ಹಿಡಿದಿಟ್ಟಿರುವ ಸಿಮೆಂಟ್ ಅಂಟು. ಸಿಮೆಂಟಿಗೆ ನೀರು ಸೇರಿದಾಗ ಮುಖ್ಯವಾಗಿ ಎರಡು ವಸ್ತು ಹುಟ್ಟುತ್ತವೆ. ಒಂದು, ಬಲ ಕೊಡುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್. ಇನ್ನೊಂದು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗಟ್ಟಿಯಾದ ಅಂಟಿನಲ್ಲಿ ಸುಣ್ಣದ ಪಾಲು ಸುಮಾರು 20ರಿಂದ 25 ಶೇಕಡ ಇರುತ್ತದೆ. ಈ ಸುಣ್ಣದಿಂದಾಗಿ ಕಾಂಕ್ರೀಟಿನ ಒಳಗಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕಡಿಮೆ ಇದ್ದರೆ ಹುಳಿ) 12.5ರ ಮೇಲೆಯೇ ಇರುತ್ತದೆ. ಕಂಬಿಗೆ ತುಕ್ಕು ಹಿಡಿಯದಂತೆ ಕಾಯುವುದೂ ಅದೇ.

ಹುಳಿ, ಅಂದರೆ ಆಮ್ಲ, ಬಂದು ತಾಗಿದರೆ ಮೊದಲು ಹೋಗುವುದು ಸುಣ್ಣ. ಆಮೇಲೆ ಬಲ ಕೊಡುವ ಭಾಗವೂ ಕರಗಲು ಶುರುವಾಗುತ್ತದೆ. ಮೇಲ್ಮೈ ಮೆತ್ತಗಾಗಿ, ತೊಳೆದುಹೋಗಿ, ಜಲ್ಲಿ ಮಾತ್ರ ಉಳಿಯುತ್ತದೆ.

ಕೊಡಗಿನಲ್ಲಿ ಕಾಂಕ್ರೀಟಿಗೆ ಜಾಸ್ತಿ ತೊಂದರೆ ಯಾವುದರಿಂದ?

ಕಾಂಕ್ರೀಟ್ ಕೆಡುವುದಕ್ಕೆ ಮುಖ್ಯವಾಗಿ ಮೂರು ದಾರಿ ಇದೆ. ಹುಳಿ ಮತ್ತು ಮೆದು ನೀರು ಅದನ್ನು ಕರಗಿಸುತ್ತವೆ. ಸಲ್ಫೇಟ್ ಒಳಗೆ ಹೋಗಿ ಉಬ್ಬಿಸಿ ಒಡೆಯುತ್ತದೆ. ಕ್ಲೋರೈಡ್ ಕಂಬಿಗೆ ತುಕ್ಕು ಹಿಡಿಸುತ್ತದೆ. ನಮ್ಮಲ್ಲಿ ಹೆಚ್ಚಿನ ಕಡೆ ಮೊದಲನೆಯದೇ. ಸಮುದ್ರದ ಉಪ್ಪು ಗಾಳಿ ನಮಗಿಲ್ಲ. ಉತ್ತರ ಕರ್ನಾಟಕದ ಕೆಲವು ಕಪ್ಪು ಮಣ್ಣಿನಂತೆ ಉಪ್ಪು ಹಿಡಿದ ನೆಲವೂ ನಮ್ಮದಲ್ಲ. ನಮ್ಮದು ಕೆಂಪು, ಹುಳಿ ಮಣ್ಣು.

ತೋಟಕ್ಕೆ ಸುಣ್ಣ ಯಾಕೆ ಹಾಕುತ್ತೀರಿ? ಮಳೆ ಮಣ್ಣಿನ ಕ್ಯಾಲ್ಸಿಯಂ ತೊಳೆದುಕೊಂಡು ಹೋಗಿ ಮಣ್ಣು ಹುಳಿಯಾಗುತ್ತದೆ ಅಂತ, ಅಲ್ವಾ? ಕಾಂಕ್ರೀಟಿನಲ್ಲೂ ಅದೇ ಮಳೆ ಅದೇ ಕೆಲಸ ಮಾಡುತ್ತದೆ, ನಿಧಾನವಾಗಿ. ಅದರ ಮೇಲೆ ಕಾಫಿ ಹಣ್ಣಿನ ಹುಳಿ ನೀರು, ಗೊಬ್ಬರ, ಗಂಜಲ ಸೇರಿಕೊಳ್ಳುತ್ತವೆ.

ಮಳೆ ನೀರು ಶುದ್ಧ ಅಲ್ವಾ? ಅದು ಹೇಗೆ ಹಾಳು ಮಾಡುತ್ತದೆ?

ಶುದ್ಧವಾಗಿರುವುದೇ ತೊಂದರೆ. ಅದರಲ್ಲಿ ಕರಗಿದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಇಲ್ಲ. ಹಾಗಾಗಿ ಎಲ್ಲಿ ಸಿಕ್ಕಿದರೂ ಎಳೆದುಕೊಳ್ಳುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿ ಸ್ವಲ್ಪ ಹುಳಿಯೂ ಆಗಿರುತ್ತದೆ. ಬೆಟ್ಟದ ತೊರೆಗಳ ನೀರೂ ಇದೇ ಥರದ್ದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಭಾಗಮಂಡಲ ಕಡೆ ಇನ್ನೂ ಹೆಚ್ಚು. ಕುಶಾಲನಗರದ ಕಡೆ ತುಂಬಾ ಕಡಿಮೆ. ಒಂದೇ ಥರದ ತಾರಸಿ ಈ ಎರಡು ಊರಿನಲ್ಲಿ ಒಂದೇ ಥರ ಬಾಳುವುದಿಲ್ಲ.

ತಾರಸಿಯ ಅಡಿಯ ಬಿಳಿ ಕಡ್ಡಿಗಳು ಬೇರೇನಲ್ಲ, ಕಾಂಕ್ರೀಟಿನ ಸುಣ್ಣ. ನೀರಿನ ಜೊತೆ ಇಳಿದು, ಗಾಳಿಗೆ ಸಿಕ್ಕಿ, ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ನಿಲ್ಲುತ್ತದೆ. ಗೋಡೆ ಮೇಲಿನ ತೆಳು ಬಿಳಿ ಪುಡಿಗೆ ಹೆದರಬೇಕಾಗಿಲ್ಲ. ಒಂದೇ ಜಾಗದಲ್ಲಿ ವರ್ಷ ವರ್ಷವೂ ಕಡ್ಡಿ ಬೆಳೆಯುತ್ತಿದ್ದರೆ ಮಾತ್ರ ಅಲ್ಲಿ ನೀರು ಹಾದುಹೋಗುತ್ತಿದೆ ಎಂದರ್ಥ. ಕಡ್ಡಿ ಕೆರೆದು ಕೆಳಗಿನಿಂದ ಪೇಂಟ್ ಬಳಿದು ಪ್ರಯೋಜನ ಇಲ್ಲ. ನೀರು ಒಳಗೆ ಬರುವ ಮೇಲಿನ ಜಾಗ ಹುಡುಕಿ ಮುಚ್ಚಬೇಕು.

ಅಂಗಡಿಯವರು ಸಲ್ಫೇಟ್ ತಡೆಯುವ ಸಿಮೆಂಟ್ ತರಿಸಿಕೊಡುತ್ತೇನೆ ಅಂದರು. ತಗೊಳ್ಳಲಾ?

ಬೇಡ. ಆ ಸಿಮೆಂಟಿನಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಎಂಬ ಭಾಗವನ್ನು 5 ಶೇಕಡಕ್ಕಿಂತ ಕಡಿಮೆ ಇಟ್ಟಿರುತ್ತಾರೆ. ಸಲ್ಫೇಟ್ ಬಂದು ಸೇರಿ ಉಬ್ಬುವುದು ಆ ಭಾಗದ ಜೊತೆ. ಸಲ್ಫೇಟ್ ಇರುವ ನೆಲದಲ್ಲಿ ಅದು ಒಳ್ಳೆಯ ಸಿಮೆಂಟ್. ಆದರೆ ಅದರಲ್ಲೂ ಸುಣ್ಣ ಅಷ್ಟೇ ಹುಟ್ಟುತ್ತದೆ. ಹುಳಿಗೆ ಅದು ಮಾಮೂಲಿ ಸಿಮೆಂಟಿಗಿಂತ ಜಾಸ್ತಿಯೇನೂ ತಡೆಯುವುದಿಲ್ಲ. "ರಾಸಾಯನಿಕ ತಡೆಯುತ್ತದೆ" ಅಂತ ಯಾರಾದರೂ ಹೇಳಿದರೆ, ಯಾವ ರಾಸಾಯನಿಕ ಅಂತ ಮೊದಲು ಕೇಳಿ.

ಹಾಗಾದರೆ ಯಾವ ಸಿಮೆಂಟ್? 53 ಗ್ರೇಡ್ ಎಲ್ಲಕ್ಕಿಂತ ಗಟ್ಟಿ ಅಲ್ವಾ?

53 ಅಂದರೆ 28 ದಿನದ ಪರೀಕ್ಷೆಯಲ್ಲಿ ಸಿಮೆಂಟ್ ಗಾರೆ ತಡೆಯಬೇಕಾದ ಒತ್ತಡ, ಅಷ್ಟೇ. ಬಾಳಿಕೆಯ ಅಳತೆ ಅದಲ್ಲ. ಸೆಂಟ್ರಿಂಗ್ ಬೇಗ ಬಿಚ್ಚಬೇಕು ಅನ್ನುವ ಕೆಲಸಕ್ಕೆ ಅದು ಸರಿ.

ತೋಟದ ಕೆಲಸಕ್ಕೆ ನಾನು ಹೇಳುವುದು ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್. ಪಿಪಿಸಿಯಲ್ಲಿ 15ರಿಂದ 35 ಶೇಕಡ ಹಾರುಬೂದಿ ಇರುತ್ತದೆ. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳಲ್ಲಿ, ನಮ್ಮ ರಾಯಚೂರಿನಂಥ ಕಡೆ, ಸಿಗುವ ಬೂದಿ ಅದು. ಸ್ಲ್ಯಾಗ್ ಸಿಮೆಂಟಿನಲ್ಲಿ ಉಕ್ಕಿನ ಕಾರ್ಖಾನೆಯ ಕಿಟ್ಟದ ಪುಡಿ 25ರಿಂದ 70 ಶೇಕಡ ಇರಬಹುದು. ಬೂದಿಯಲ್ಲಿರುವ ಸಿಲಿಕಾ ಆ ಕರಗುವ ಸುಣ್ಣದ ಒಂದು ಪಾಲಿನ ಜೊತೆ ಸೇರಿ ಅದನ್ನೂ ಬಲ ಕೊಡುವ ಅಂಟಾಗಿ ಮಾಡುತ್ತದೆ. ಕರಗುವ ಸುಣ್ಣ ಕಡಿಮೆಯಾಗುತ್ತದೆ, ಒಳಗಿನ ಸಣ್ಣ ರಂಧ್ರಗಳೂ ಮುಚ್ಚಿಕೊಳ್ಳುತ್ತವೆ. ಸ್ಲ್ಯಾಗ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. "ಬೂದಿ ಬೆರೆಸಿ ಮೋಸ ಮಾಡ್ತಾರೆ" ಅನ್ನುವ ಮಾತು ಸಂತೆಯಲ್ಲಿ ಕೇಳಿಬರುತ್ತದೆ. ಈ ಕೆಲಸಕ್ಕೆ ಬೂದಿಯೇ ಬೇಕಾದದ್ದು.

ಆದರೆ ಒಂದು ಷರತ್ತು. ಬೂದಿಯ ಕೆಲಸ ನಿಧಾನ. ಚಳಿಯಲ್ಲಿ ಇನ್ನೂ ನಿಧಾನ. ಡಿಸೆಂಬರಿನಲ್ಲಿ ಮಡಿಕೇರಿ ಸುತ್ತ ಹಾಕಿದ ಕಾಂಕ್ರೀಟಿಗೆ ನಾಲ್ಕು ದಿನ ನೀರು ಹಾಕಿ ಬಿಟ್ಟರೆ ಪಿಪಿಸಿಯ ಲಾಭ ಸಿಗುವುದಿಲ್ಲ. ಇಂಥ ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ (ಒದ್ದೆಯಾಗಿಡುವುದು) ಬೇಕು, 14 ದಿನ ಮಾಡಿದರೆ ಒಳ್ಳೆಯದು ಎಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ 2000ರ ಐಎಸ್ 456 ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಹೇಳಿ ಅಂದರೆ?

ನೀರು ಕಡಿಮೆ ಮಾಡಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿಮೆಂಟ್ ಗಟ್ಟಿಯಾಗಲು ರಾಸಾಯನಿಕವಾಗಿ ಬೇಕಾಗುವ ನೀರು ಅದರ ತೂಕದ ಸುಮಾರು ಕಾಲು ಭಾಗ ಅಷ್ಟೇ. ಉಳಿದದ್ದು ಕಲಸಲು, ಸುರಿಯಲು ಸುಲಭ ಆಗಲಿ ಅಂತ ಹಾಕುವುದು. ಆ ಹೆಚ್ಚುವರಿ ನೀರು ಕುಳಿತಿದ್ದ ಜಾಗವೆಲ್ಲ ಆಮೇಲೆ ಕೂದಲಿಗಿಂತ ಸಣ್ಣ ದಾರಿಗಳಾಗಿ ಉಳಿಯುತ್ತದೆ. ಹುಳಿ, ಗಂಜಲ, ಕ್ಲೋರೈಡ್ ಎಲ್ಲ ಒಳಗೆ ಹೋಗುವುದು ಅದರಲ್ಲೇ.

ಟಿ. ಸಿ. ಪವರ್ಸ್ ಎಂಬ ಅಮೆರಿಕದ ಸಂಶೋಧಕರು 1959ರಲ್ಲಿ ಸಹೋದ್ಯೋಗಿಗಳ ಜೊತೆ ಇದನ್ನು ಲೆಕ್ಕ ಹಾಕಿ ತೋರಿಸಿದರು. ನೀರು-ಸಿಮೆಂಟ್ ಅನುಪಾತ 0.45 ಇದ್ದರೆ ಸುಮಾರು 7 ದಿನ ಒದ್ದೆಯಾಗಿಟ್ಟಾಗ ಆ ದಾರಿಗಳು ನಡುವೆ ಮುಚ್ಚಿಹೋಗುತ್ತವೆ. 0.50 ಇದ್ದರೆ 14 ದಿನ ಬೇಕು. 0.60 ಆದರೆ 6 ತಿಂಗಳು. 0.70 ಆದರೆ ಒಂದು ವರ್ಷ. ಅದನ್ನೂ ದಾಟಿದರೆ ಎಷ್ಟು ನೀರು ಹಾಕಿ ಕಾದರೂ ಮುಚ್ಚುವುದೇ ಇಲ್ಲ. ಇದು ಬೂದಿ ಇಲ್ಲದ ಮಾಮೂಲಿ ಸಿಮೆಂಟಿನ ಲೆಕ್ಕ.

ಈಗ ಮೂಟೆ ಲೆಕ್ಕಕ್ಕೆ ಬನ್ನಿ. ಒಂದು ಮೂಟೆ 50 ಕೆ.ಜಿ. 0.45 ಅಂದರೆ ಮೂಟೆಗೆ 22.5 ಲೀಟರ್. 0.50 ಅಂದರೆ 25 ಲೀಟರ್. 35 ಲೀಟರ್ ಹಾಕಿದರೆ 0.70ಕ್ಕೆ ಹೋಯಿತು. ಸಣ್ಣ ಕೆಲಸಗಳಲ್ಲಿ ಪೈಪ್ ಹಿಡಿದು ಅಂದಾಜಿಗೆ ಬಿಡುವ ನೀರು ಎಷ್ಟೋ ಸಲ ಅಲ್ಲಿಗೇ ಹೋಗಿ ನಿಲ್ಲುತ್ತದೆ. ಮಿಕ್ಸರಿನ ಹತ್ತಿರ ಪೈಪ್ ಬೇಡವೇ ಬೇಡ. ಗುರುತು ಹಾಕಿದ ಬಕೆಟ್ ಇಡಿ.

ನೀರು ಕಡಿಮೆಯಾದರೆ ಕಂಬಿ ನಡುವೆ ಇಳಿಯಲ್ಲ ಅಂತ ಮೇಸ್ತ್ರಿ ಹೇಳುತ್ತಾರಲ್ಲ?

ಅವರು ಹೇಳುವುದು ಸರಿಯೇ. ಸುಮ್ನೆ ನೀರು ಕಡಿಮೆ ಮಾಡಿ ಅಂದರೆ ಆಗದು. ಅದಕ್ಕೆ ಸೂಪರ್ ಪ್ಲಾಸ್ಟಿಸೈಜರ್ ಎಂಬ ದ್ರವ ಇದೆ. ಸಾಮಾನ್ಯವಾಗಿ ಸಿಮೆಂಟ್ ತೂಕದ 0.5ರಿಂದ 1 ಶೇಕಡ, ಅಂದರೆ ಮೂಟೆಗೆ 250ರಿಂದ 500 ಗ್ರಾಂ. ಡಬ್ಬದ ಮೇಲೆ ಬರೆದ ಪ್ರಮಾಣ ನೋಡಿಯೇ ಹಾಕಿ. ಅಷ್ಟೇ ಕಡಿಮೆ ನೀರಿನಲ್ಲಿ ಕಾಂಕ್ರೀಟ್ ಸರಾಗ ಹರಿಯುತ್ತದೆ. ಜೊತೆಗೆ ವೈಬ್ರೇಟರ್ ಬಾಡಿಗೆಗೆ ತನ್ನಿ. ಕೋಲಿನಿಂದ ಕುಟ್ಟಿದ ತೊಟ್ಟಿ ಗೋಡೆಯಲ್ಲಿ ಜೇನುಗೂಡಿನಂಥ ತೂತುಗಳು ಉಳಿದರೆ ಯಾವ ಸಿಮೆಂಟೂ ಕಾಪಾಡುವುದಿಲ್ಲ.

ಯಾವ ಕೆಲಸಕ್ಕೆ ಯಾವ ಗ್ರೇಡ್ ಕಾಂಕ್ರೀಟ್?

ಐಎಸ್ 456 ಇದನ್ನು ಚೆನ್ನಾಗಿ ಬಿಡಿಸಿ ಕೊಟ್ಟಿದೆ. ನಮ್ಮ ಕಡೆ ಅದನ್ನು ಓದುವವರು ಕಡಿಮೆ. ಜೋರು ಮಳೆಗೆ ಮೈಯೊಡ್ಡಿದ, ನೆನೆದು ಒಣಗುವ ಕಂಬಿ ಕಾಂಕ್ರೀಟ್ ಅದರ ಪ್ರಕಾರ "ತೀವ್ರ" ವರ್ಗ. ಅದಕ್ಕೆ ಕನಿಷ್ಠ ಎಂ30 (ಎಂ ಜೊತೆಗಿನ ಅಂಕಿ ಕಾಂಕ್ರೀಟಿನ ಬಲ), ನೀರು-ಸಿಮೆಂಟ್ ಅನುಪಾತ ಹೆಚ್ಚೆಂದರೆ 0.45, ಘನ ಮೀಟರಿಗೆ ಕನಿಷ್ಠ 320 ಕೆ.ಜಿ. ಸಿಮೆಂಟ್, ಕಂಬಿಯ ಮೇಲೆ 45 ಮಿ.ಮೀ. ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ. ಮಡಿಕೇರಿಯ ಯಾವುದೇ ತೆರೆದ ತಾರಸಿ ಇಲ್ಲಿಗೆ ಬರುತ್ತದೆ ಎಂದೇ ನಾನು ಹೇಳುವುದು. ಆದರೆ ಎಲ್ಲರೂ ಹಾಕುವುದು ಎಂ20. ಹುಳಿ ಅಥವಾ ಬೇರೆ ಕಟು ರಾಸಾಯನಿಕ ನೇರವಾಗಿ ತಾಗುವ ಕಡೆ "ಅತಿ ವಿಪರೀತ" ವರ್ಗ. ಅಲ್ಲಿ ಎಂ40, ಅನುಪಾತ ಹೆಚ್ಚೆಂದರೆ 0.40, 360 ಕೆ.ಜಿ. ಸಿಮೆಂಟ್, 75 ಮಿ.ಮೀ. ಕವರ್. ಪಲ್ಪರಿನ ಹುಳಿ ನೀರಿನ ತೊಟ್ಟಿಗೆ ಅನ್ವಯಿಸುವುದು ಇದೇ. ಎಂ40 ಕೈಯಲ್ಲಿ ಕಲಸುವ ಕೆಲಸ ಅಲ್ಲ. ಮಿಕ್ಸ್ ಡಿಸೈನ್, ಅಂದರೆ ಪ್ರಯೋಗಾಲಯದಲ್ಲಿ ಮಿಶ್ರಣದ ಲೆಕ್ಕ, ಮಾಡಿಸಲೇಬೇಕು.

ಮಳೆಗಾಲದಲ್ಲಿ ಕಾಂಕ್ರೀಟ್ ಹಾಕಿದರೆ ಕ್ಯೂರಿಂಗ್ ತಾನಾಗೇ ಆಗುತ್ತದೆ ಅಲ್ವಾ?

ಗಟ್ಟಿಯಾದ ಮೇಲೆ ಬೀಳುವ ಮಳೆಯಿಂದ ಲಾಭ ಇದೆ. ಹಸಿ ಇರುವಾಗ ಬಿದ್ದರೆ ಮೇಲ್ಮೈಯ ಸಿಮೆಂಟ್ ತೊಳೆದುಹೋಗುತ್ತದೆ, ಮತ್ತು ರಾಸಾಯನಿಕ ಮೊದಲು ತಾಗುವುದು ಆ ಮೇಲ್ಮೈಗೇ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ತೊಟ್ಟಿ ಹಾಕಲು ಹೋಗಬೇಡಿ ಅನ್ನುವುದು ಅದಕ್ಕೇ.

ಇನ್ನೊಂದು ಯಾರೂ ಗಮನಿಸದ ವಿಷಯ ಮರಳಿನ ಒದ್ದೆ. ಸಿಮೆಂಟ್, ಮರಳು, ಜಲ್ಲಿ 1:1.5:3ರ ಮಿಶ್ರಣದಲ್ಲಿ ಒಂದು ಮೂಟೆಗೆ ಸುಮಾರು 80 ಕೆ.ಜಿ. ಮರಳು ಹೋಗುತ್ತದೆ. ಅದರಲ್ಲಿ 5 ಶೇಕಡ ತೇವ ಇದ್ದರೆ 4 ಲೀಟರ್ ನೀರು ಆಗಲೇ ಒಳಗಿದೆ. ಅದನ್ನು ಕಳೆದು ನೀರು ಹಾಕಬೇಕು. ಒದ್ದೆ ಮರಳು ಉಬ್ಬಿಕೊಂಡೂ ಇರುತ್ತದೆ, ಹಾಗಾಗಿ ಬಾಂಡ್ಲಿ ಲೆಕ್ಕದಲ್ಲಿ ಅಳೆದರೆ ಮರಳೂ ಕಡಿಮೆ ಬೀಳುತ್ತದೆ. ಎಂ-ಸ್ಯಾಂಡಿಗೂ ಇದೇ ಮಾತು. ಟಾರ್ಪಾಲು ಮುಚ್ಚಿಡುವುದಕ್ಕೆ ಎಷ್ಟು ಖರ್ಚು ಹೇಳಿ?

ಕಲಸಲು ತೊರೆಯ ನೀರು ತಗೊಳ್ಳಬಹುದಾ?

ಸಾಮಾನ್ಯವಾಗಿ ಹೌದು. ಆದರೆ ಕಾಫಿ ಸೀಸನ್ನಿನಲ್ಲಿ ಪಲ್ಪರಿನ ಕೆಳಗಿನ ತೊರೆಯಿಂದ ಬೇಡ. ಕಲಸುವ ನೀರಿನ ಪಿಎಚ್ 6ಕ್ಕಿಂತ ಕೆಳಗಿರಬಾರದು ಎಂದು ಐಎಸ್ 456 ಹೇಳುತ್ತದೆ. ಪಿಎಚ್ ಕಾಗದ ಅದ್ದಿ ನೋಡಿದರೆ ಗೊತ್ತಾಗುತ್ತದೆ. ಹುಳಿಗಿಂತ ಹೆಚ್ಚಿನ ತೊಂದರೆ ಸಕ್ಕರೆಯದು. ಕಾಫಿ ಹಣ್ಣಿನ ಲೋಳೆಯಲ್ಲಿ ಸಕ್ಕರೆ ಇರುತ್ತದೆ. ಸಿಮೆಂಟಿಗೆ ಒಂದಿಷ್ಟೇ ಸಕ್ಕರೆ ಸೇರಿದರೂ ಅದು ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ.

ಪಲ್ಪರ್ ತೊಟ್ಟಿ ಪ್ರತಿ ಸೀಸನ್ ಮುಗಿದ ಮೇಲೂ ಒರಟಾಗುತ್ತಿದೆ. ಇದಕ್ಕೆ ಏನು ದಾರಿ?

ಅರೇಬಿಕಾ ಪಲ್ಪಿಂಗ್ ಮಾಡುವ ತೋಟಗಳ ದೊಡ್ಡ ತಲೆನೋವು ಇದು. ರೊಬಸ್ಟಾವನ್ನು ಚೆರಿಯಾಗಿಯೇ ಕಣದಲ್ಲಿ ಒಣಗಿಸುವವರಿಗೆ ಈ ಗೋಳಿಲ್ಲ.

ಹಣ್ಣಿನ ಸಿಪ್ಪೆ ತೆಗೆದ ಮೇಲೆ ಲೋಳೆ ಹುಳಿಯುತ್ತದೆ. ಹುಳಿಯುವಾಗ ಅಸಿಟಿಕ್, ಲ್ಯಾಕ್ಟಿಕ್ ಆಮ್ಲಗಳು ಹುಟ್ಟುತ್ತವೆ. ನೀರಿನ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಯುರೋಪಿನ ಕಾಂಕ್ರೀಟ್ ಮಾನದಂಡದಲ್ಲಿ 6.5ರಿಂದ 5.5ರವರೆಗೆ ಸಣ್ಣ ದಾಳಿ, 4.5ರವರೆಗೆ ಮಧ್ಯಮ, 4.0ರವರೆಗೆ ಜೋರು ದಾಳಿ. ಅದಕ್ಕೂ ಕೆಳಗೆ ಹೋದರೆ ಬರೀ ಕಾಂಕ್ರೀಟನ್ನು ನಂಬುವ ಮಾತೇ ಇಲ್ಲ. ಈ ಆಮ್ಲಗಳು ಸುಣ್ಣದ ಜೊತೆ ಸೇರಿ ಮಾಡುವ ಲವಣಗಳು ನೀರಿನಲ್ಲಿ ಸಲೀಸಾಗಿ ಕರಗುತ್ತವೆ. ಮೇಲೆ ರಕ್ಷಣೆಯ ಪದರ ನಿಲ್ಲುವುದಿಲ್ಲ. ಪ್ರತಿ ಸಲ ತೊಟ್ಟಿ ತೊಳೆದಾಗ ಹೊಸ ಮೈ ಹುಳಿಗೆ ಸಿಗುತ್ತದೆ.

ಹಾಗಾಗಿ ಎರಡು ಹಂತದಲ್ಲಿ ಯೋಚಿಸಿ. ಒಳ್ಳೆಯ ಕಾಂಕ್ರೀಟ್ ಹುಳಿಯನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಸಿಮೆಂಟಿನಿಂದ ಮಾಡಿದ ಯಾವುದೂ ಪಿಎಚ್ 4ರ ನೀರಿನಲ್ಲಿ ಶಾಶ್ವತ ಅಲ್ಲ. ನಿಲ್ಲಿಸಬೇಕಾದರೆ ನಡುವೆ ಒಂದು ಪದರ ಬೇಕೇ ಬೇಕು.

ಹುಳಿಯಿಸುವ ತೊಟ್ಟಿಯಲ್ಲಿ ಕಾಫಿ ಬೀಜವೇ ಇರುವುದರಿಂದ ಎಲ್ಲ ಪದರವೂ ಸಲ್ಲದು. ಕಾಫಿ ವಾಸನೆ ಹೀರಿಕೊಳ್ಳುತ್ತದೆ ಅನ್ನುವುದು ನಿಮಗೆ ಹೇಳಬೇಕಾಗಿಲ್ಲ. ಕೋಲ್‌ಟಾರ್ ಎಪಾಕ್ಸಿ, ಬಿಟುಮಿನ್ ಪೇಂಟ್ ಅಲ್ಲಿಗೆ ಬೇಡ (ಎಪಾಕ್ಸಿ ಅಂದರೆ ಗಟ್ಟಿಯಾಗುವ ರಾಳ). ಟೈಲ್ಸ್ ಹಾಕುವುದು ಒಳ್ಳೆಯ ರೂಢಿ, ಆದರೆ ಮಾಮೂಲಿ ಬಿಳಿ ಸಿಮೆಂಟಿನಲ್ಲಿ ಸಂದು ತುಂಬುತ್ತಾರೆ. ಹುಳಿ ಮೊದಲು ತಿನ್ನುವುದು ಆ ಸಂದನ್ನೇ. ಆಮೇಲೆ ಟೈಲ್ಸಿನ ಹಿಂದೆ ಹೋಗಿ ಕಾಣದ ಹಾಗೆ ಕೆಲಸ ಮಾಡುತ್ತದೆ. ಟೈಲ್ಸಿಗೆ ಎಪಾಕ್ಸಿ ಗ್ರೌಟ್ ಹಾಕಿಸಿ. ದುಬಾರಿ, ಆದರೆ ಬೇರೆ ದಾರಿ ಇಲ್ಲ. ಟೈಲ್ಸ್ ಬೇಡ ಅಂದರೆ ಆಹಾರ ತಾಗಬಹುದಾದ ದರ್ಜೆಯ ಎಪಾಕ್ಸಿ ಲೇಪನ.

ಕೊಳಚೆ ನೀರು ನಿಲ್ಲುವ ತೊಟ್ಟಿಗಳಲ್ಲಿ ಈ ಕಟ್ಟುನಿಟ್ಟಿಲ್ಲ. ಅಲ್ಲಿ ಫೈಬರ್ ಗ್ಲಾಸ್ ಸೇರಿಸಿದ ಎರಡು ಮೂರು ಮಿಲಿಮೀಟರ್ ದಪ್ಪದ ರಾಳದ ಪದರ ಚೆನ್ನಾಗಿ ತಡೆಯುತ್ತದೆ. ದೊಡ್ಡ ಹೊಂಡ ಆದರೆ ಕಾಂಕ್ರೀಟ್ ಬಿಟ್ಟು ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಹಾಸುವುದೇ ಅಗ್ಗ. ಮೊದಲ ತೊಟ್ಟಿಗೇ ಸುಣ್ಣ ಹಾಕಿ ಹುಳಿ ಮುರಿದರೆ ಮುಂದಿನ ತೊಟ್ಟಿ, ಕಾಲುವೆ, ಪೈಪ್ ಎಲ್ಲ ಬದುಕುತ್ತವೆ. ಹೇಗೂ ನೀರನ್ನು ಸಂಸ್ಕರಿಸದೆ ತೊರೆಗೆ ಬಿಡುವಂತಿಲ್ಲ, ಸುಣ್ಣ ತರುವುದು ಇದ್ದದ್ದೇ.

ಲೇಪನ ಯಾವಾಗ ಮಾಡಿಸಬೇಕು?

ಕೊಡಗಿನಲ್ಲಿ ಇದಕ್ಕೆ ಸಿಗುವ ಕಾಲ ಚಿಕ್ಕದು. ಕಾಂಕ್ರೀಟಿಗೆ 28 ದಿನ ಆಗಿರಬೇಕು, ಒಣಗಿರಬೇಕು. ಜೂನಿನಿಂದ ಒಣಗುವ ಮಾತಿಲ್ಲ. ನವೆಂಬರಿನಿಂದ ಹಣ್ಣು ಕೊಯ್ಲು. ಹಾಗಾಗಿ ಫೆಬ್ರುವರಿಯಿಂದ ಏಪ್ರಿಲ್ ನಡುವೆ, ಹೂಮಳೆ ನೋಡಿಕೊಂಡು ಮಾಡಿಸುವುದು ಸರಿ. ಒಣಗಿದೆಯಾ ಅಂತ ನೋಡಲು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ರಾತ್ರಿ ಬಿಟ್ಟು ಬೆಳಗ್ಗೆ ತೆಗೆಯಿರಿ. ಅಡಿಯಲ್ಲಿ ಬೆವರಿದ್ದರೆ ಇನ್ನೂ ಕಾಯಿರಿ. ಮೇಲ್ಮೈಯ ಸಿಮೆಂಟ್ ಹಾಲನ್ನು ಉಜ್ಜಿ ತೆಗೆಯದೆ ಬಳಿದ ಎಪಾಕ್ಸಿ ಹಾಳೆಯ ಹಾಗೆ ಎದ್ದುಬರುತ್ತದೆ. ಬಿಸಿಲು ಬೀಳುವ ಕಡೆ ಎಪಾಕ್ಸಿ ಬೇಗ ಪುಡಿ ಬಿಡುತ್ತದೆ, ಅಲ್ಲಿ ಮೇಲೆ ಪಾಲಿಯುರೆಥೇನ್ ಪದರ ಬೇಕು.

ಗೊಬ್ಬರದ ಶೆಡ್ಡಿನ ನೆಲ ಯಾಕೆ ಪುಡಿಯಾಗುತ್ತದೆ?

ಎಲ್ಲ ಗೊಬ್ಬರವೂ ಒಂದೇ ಅಲ್ಲ. ಅಮೋನಿಯಂ ಸಲ್ಫೇಟ್ ಅತ್ಯಂತ ಕೆಟ್ಟದ್ದು. ಅದರ ಅಮೋನಿಯಂ ಕಾಂಕ್ರೀಟಿನ ಸುಣ್ಣವನ್ನು ಎಳೆದು ಕರಗಿಸುತ್ತದೆ, ಸಲ್ಫೇಟ್ ಒಳಗಿನಿಂದ ಉಬ್ಬಿಸುತ್ತದೆ. ಎರಡೂ ಕಡೆಯಿಂದ ಹೊಡೆತ. ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಕಾಂಕ್ರೀಟಿಗೆ ಅಷ್ಟು ಮಾಡದಿದ್ದರೂ ಒಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ಯೂರಿಯಾ ಇವೆರಡಕ್ಕಿಂತ ಸೌಮ್ಯ.

ಒಣ ಗೊಬ್ಬರ ಏನೂ ಮಾಡುವುದಿಲ್ಲ. ನಮ್ಮ ಮಳೆಗಾಲದ ಗಾಳಿಯ ತೇವಕ್ಕೇ ಅದು ನೀರೊಡೆಯುತ್ತದೆ, ತೊಂದರೆ ಅಲ್ಲಿಂದ ಶುರು. ಮರದ ಹಲಗೆ ಮೇಲೆ ಮೂಟೆ ಇಡಿ, ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಗೋಡೆಗೆ ತಾಗಿಸಬೇಡಿ. ಹರಿದ ಮೂಟೆಯ ಪುಡಿಯನ್ನು ಒಣಗಿರುವಾಗಲೇ ಗುಡಿಸಿ, ನೀರು ಹಾಕಿ ತೊಳೆಯಬೇಡಿ. ಇಷ್ಟು ಮಾಡಿದರೆ ಹೆಚ್ಚಿನ ಶೆಡ್ಡುಗಳಿಗೆ ಎಪಾಕ್ಸಿಯ ಅಗತ್ಯವೇ ಬರುವುದಿಲ್ಲ.

ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಕಲಸಲು ಸಿಮೆಂಟ್ ತೊಟ್ಟಿ ಇದೆ. ಅದಕ್ಕೇನಾದರೂ ಆಗುತ್ತದೆಯೇ?

ಒಂದು ಶೇಕಡದ ಬೋರ್ಡೋಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಸುಣ್ಣ ಸೇರಿದ ಮೇಲೆ ದ್ರಾವಣ ಕಾಂಕ್ರೀಟಿಗೆ ಅಪಾಯ ಅಲ್ಲ. ಬರೀ ಮೈಲುತುತ್ತದ ನೀರು ಮಾತ್ರ ಹುಳಿಯೂ ಹೌದು, ಸಲ್ಫೇಟೂ ಹೌದು. ಹಾಗಾಗಿ ತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕರಗಿಸಿ. ಸಿಮೆಂಟ್ ತೊಟ್ಟಿಯನ್ನು ಸುಣ್ಣದ ಹಾಲಿಗೆ ಇಟ್ಟುಕೊಳ್ಳಿ, ಅದಕ್ಕೆ ಒಳ್ಳೆಯದೇ ಆಗುತ್ತದೆ.

ಹಂದಿ ಗೂಡು, ದನದ ಕೊಟ್ಟಿಗೆ, ಗೋಬರ್ ಗ್ಯಾಸ್, ಸೆಪ್ಟಿಕ್ ಟ್ಯಾಂಕ್?

ಗೂಡು, ಕೊಟ್ಟಿಗೆಯಲ್ಲಿ ಗಂಜಲ ನಿಲ್ಲದಂತೆ ಇಳಿಜಾರು ಕೊಡುವುದೇ ಅರ್ಧ ಕೆಲಸ. ಹಂದಿ ಗೂಡಿನಲ್ಲಿ ನೆಲಕ್ಕಿಂತ ಮೊದಲು ಹಾಳಾಗುವುದು ಮೇವಿನ ತೊಟ್ಟಿ. ಹುಳಿತ ಅನ್ನ, ಹೋಟೆಲ್ ಉಳಿಕೆ ಎಲ್ಲ ಅಲ್ಲಿಗೇ ಬೀಳುತ್ತದಲ್ಲ. ತೊಟ್ಟಿಗೆ ಗ್ರಾನೈಟ್ ಚಪ್ಪಡಿ ಹಾಕುವುದು ಸುಲಭ.

ಸೆಪ್ಟಿಕ್ ಟ್ಯಾಂಕಿನ ವಿಷಯ ಬೇರೆ. ಅಲ್ಲಿ ನೀರಿನ ಒಳಗಿನ ಗೋಡೆ ಚೆನ್ನಾಗಿರುತ್ತದೆ, ಮೇಲಿನ ಸ್ಲ್ಯಾಬ್ ಕೊಳೆಯುತ್ತದೆ. ಕಾರಣ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ಅದು ಮೇಲೆದ್ದು ತೇವವಿರುವ ಸ್ಲ್ಯಾಬಿಗೆ ತಾಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಗಾಳಿಯ ಸಹಾಯದಿಂದ ಅದನ್ನು ಗಂಧಕಾಮ್ಲ ಮಾಡುತ್ತವೆ. ಸ್ಲ್ಯಾಬಿನ ಅಡಿಗೆ ಕೋಲ್‌ಟಾರ್ ಎಪಾಕ್ಸಿ ಇಲ್ಲಿ ಧಾರಾಳವಾಗಿ ಬಳಿಯಬಹುದು. ಗ್ಯಾಸ್ ಹೊರಹೋಗಲು ಕೊಳವೆ ಇಡಿ. ಹಳೆಯ ಟ್ಯಾಂಕಿನ ಸ್ಲ್ಯಾಬಿನ ಮೇಲೆ ಜೀಪು ಹತ್ತಿಸಬೇಡಿ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಒಳಗೆ ಇಣುಕಲು ಯಾರನ್ನೂ ಇಳಿಸಬೇಡಿ, ಆ ಗ್ಯಾಸ್ ಜೀವ ತೆಗೆಯುತ್ತದೆ.

ಗೋಬರ್ ಗ್ಯಾಸ್ ಗುಮ್ಮಟದ ಒಳಗೆ ಗಾಳಿ ಇಲ್ಲದ್ದರಿಂದ ಈ ತೊಂದರೆ ಕಡಿಮೆ.

ಸಿಮೆಂಟಿಗೆ ಬೆರೆಸುವ ವಾಟರ್‌ಪ್ರೂಫ್ ದ್ರವ ಹಾಕಿದರೆ ಸಾಕಲ್ವಾ?

ನೀರು ಹೀರುವುದು ಸ್ವಲ್ಪ ಕಡಿಮೆಯಾಗುತ್ತದೆ. ಹುಳಿ ತಡೆಯುವುದಿಲ್ಲ. ಮೂಟೆಗೆ 35 ಲೀಟರ್ ನೀರು ಹಾಕಿದ ಕಾಂಕ್ರೀಟಿಗೆ ಯಾವ ದ್ರವವೂ ಪರಿಹಾರ ಅಲ್ಲ.

ಭತ್ತದ ಹೊಟ್ಟಿನ ಬೂದಿ ಬೆರೆಸಬಹುದಾ?

ಹೊಟ್ಟಿನಲ್ಲಿ ಸಿಲಿಕಾ ಬಹಳ ಇದೆ, ಸರಿಯಾಗಿ ಸುಟ್ಟರೆ ಬೂದಿ ತುಂಬಾ ಒಳ್ಳೆಯ ಪದಾರ್ಥ. ಆದರೆ ಸುಮಾರು 700 ಡಿಗ್ರಿ ದಾಟದಂತೆ ಹಿಡಿತದಲ್ಲಿಟ್ಟು ಸುಟ್ಟು, ನುಣ್ಣಗೆ ಅರೆಯಬೇಕು. ಒಲೆಯ, ಗದ್ದೆಯ ಬೂದಿಯಲ್ಲಿ ಅರ್ಧ ಸುಟ್ಟ ಇದ್ದಲು ಜಾಸ್ತಿ. ಅದು ನೀರು ಕುಡಿಯುತ್ತದೆ ಅಷ್ಟೇ. ಬೇಡ.

ಕಣದ ಪಾಚಿ ತೆಗೆಯಲು ಆಸಿಡ್ ಹಾಕಬಹುದಾ?

ದಯವಿಟ್ಟು ಬೇಡ. ಅಂಗಡಿಯಲ್ಲಿ ಸಿಗುವ ಆಸಿಡ್ ಹೈಡ್ರೋಕ್ಲೋರಿಕ್ ಆಮ್ಲ. ಪಾಚಿ ಜೊತೆ ಕಣದ ಮೇಲ್ಮೈಯೂ ಹೋಗುತ್ತದೆ, ಒರಟಾದ ಮೈಯಲ್ಲಿ ಮುಂದಿನ ಮಳೆಗೆ ಪಾಚಿ ಇನ್ನೂ ಜಾಸ್ತಿ ಹಿಡಿಯುತ್ತದೆ. ಗಡಸು ಬ್ರಷ್ ಅಥವಾ ಒತ್ತಡದ ನೀರು ಸಾಕು. ಅಡುಗೆಮನೆಯ ಸಿಮೆಂಟ್ ನೆಲಕ್ಕೆ ಕಾಚಂಪುಳಿ (ಕೊಡಗಿನ ಅಡುಗೆಯ ಹುಳಿ ರಸ) ಚೆಲ್ಲಿದರೂ ಬಿಳಿ ಕಲೆ ಬೀಳುತ್ತದೆ, ತಕ್ಷಣ ಒರೆಸಿ ನೀರು ಹಾಕಿ.

ಎಷ್ಟು ಆಳಕ್ಕೆ ಕೆಟ್ಟಿದೆ ಅಂತ ತಿಳಿಯುವುದು ಹೇಗೆ?

ಮೊಳೆಯಿಂದ ಗೀರಿ ನೋಡಿ. ಸುಲಭವಾಗಿ ಪುಡಿ ಬಂದರೆ ಆ ಪದರ ಸತ್ತಿದೆ. ಸರಿಯಾಗಿ ತಿಳಿಯಬೇಕಾದರೆ ಒಂದು ತುಂಡು ಒಡೆದು, ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಿ. ಸುಣ್ಣ ಉಳಿದ ಕಡೆ ಕಡು ಗುಲಾಬಿ ಬಣ್ಣ ಬರುತ್ತದೆ. ಬಣ್ಣ ಬಾರದ ಅಂಚು ಎಷ್ಟು ದಪ್ಪವೋ ಅಷ್ಟು ಆಳಕ್ಕೆ ಸುಣ್ಣ ಹೋಗಿದೆ. ಅದು ಕಂಬಿಯವರೆಗೆ ತಲುಪಿದ್ದರೆ ಬರೀ ಬಣ್ಣ ಬಳಿದು ಸಾಗಿಸುವ ಹಂತ ಮುಗಿದಿದೆ.

ಕೆಟ್ಟ ತೊಟ್ಟಿಯನ್ನು ರಿಪೇರಿ ಮಾಡುವುದು ಹೇಗೆ?

ಮೆತ್ತಗಾದದ್ದನ್ನೆಲ್ಲ ಗಟ್ಟಿ ಕಾಂಕ್ರೀಟ್ ಸಿಗುವವರೆಗೆ ಕಿತ್ತು ತೆಗೆಯಿರಿ. ಹೆಚ್ಚಿನವರು ಇಲ್ಲೇ ಅವಸರ ಮಾಡುವುದು. ಹುಳಿ ಕುಡಿದ ಪದರದ ಮೇಲೆ ಸಾರಣೆ ಮಾಡಿದರೆ ಒಂದೇ ವರ್ಷಕ್ಕೆ ಹಪ್ಪಳದಂತೆ ಏಳುತ್ತದೆ. ಕಂಬಿ ಕಂಡರೆ ಹಿಂಬದಿಯವರೆಗೂ ತುಕ್ಕು ಉಜ್ಜಿ. ಚೆನ್ನಾಗಿ ತೊಳೆದು, ಸುಣ್ಣದ ನೀರು ಹಾಕಿ ಇನ್ನೊಮ್ಮೆ ತೊಳೆಯಿರಿ. ಆಮೇಲೆ ಎಸ್‌ಬಿಆರ್ ಲೇಟೆಕ್ಸ್ (ರಬ್ಬರಿನ ಹಾಲಿನಂಥ ದ್ರವ) ಬೆರೆಸಿದ ಗಾರೆಯಿಂದ ಮಟ್ಟ ಮಾಡಿ, ಕ್ಯೂರಿಂಗ್ ಮುಗಿಸಿ, ಒಣಗಿಸಿ, ಲೇಪನ.

ಲೇಪನಕ್ಕೆ ಈ ವರ್ಷ ದುಡ್ಡಿಲ್ಲ ಅಂದರೆ, ಸೀಸನ್ ಮುಗಿದ ದಿನವೇ ತೊಟ್ಟಿ ಖಾಲಿ ಮಾಡಿ ತೊಳೆದು ಎರಡು ಕೈ ಸುಣ್ಣ ಬಳಿಯಿರಿ. ರಂಧ್ರಗಳಲ್ಲಿ ಉಳಿದ ಹುಳಿ ಕಾಂಕ್ರೀಟಿನ ಬದಲು ಆ ಸುಣ್ಣವನ್ನು ತಿನ್ನುತ್ತದೆ. ಮುಂದಿನ ಬೇಸಿಗೆಯಲ್ಲಿ ಎಪಾಕ್ಸಿ ಹಾಕಿಸುವ ಮೊದಲು ಮಾತ್ರ ಅದನ್ನು ಪೂರ್ತಿ ಕೆರೆದು ತೆಗೆಯಬೇಕು.